ಮಡಿಯಲ್ಲಿದ್ದ ಪೊರೆ

"ಜರಡಿ ಅಲ್ಲ, ಸೋಸೋ ಬಟ್ಟಿನೂ ಅಲ್ಲ, ಏನೋ ಅಂತಾರಲ್ಲ ಅದಕ್ಕ..." ಧಾರವಾಡ ಬಿಟ್ಟು ನಾಗಪುರ ಸೇರಿದ ವೇಣೂಬಾಯಿ ಮೊಮ್ಮಗಳೆದುರು ತಡಕಾಡಿದಳು. "ಹಾಂ, ಪೊರೆ!" ಎಂದು ಕತೆ ಶುರುಮಾಡಿದಳು.

ಜೋಳದ ದಂಟಿನಿಂದ ಇಂಧನ ತೆಗೆಯುವ ಕಾರ್ಖಾನೆಯಲ್ಲಿ ಒಂದು ಪೊರೆಯಿತ್ತು. ದಂಟು ಬೇಯಿಸಿದ ರಸದಲ್ಲಿ ತಿಳಿಯನ್ನು ಆಚೆ ಬಿಟ್ಟು ಗಸಿಯನ್ನು ತಡೆಯುವುದು ಅದರ ಕೆಲಸ. ದಿನಕ್ಕೊಮ್ಮೆ ಪಂಪು ಹಿಂದಿನಿಂದ ನೀರು ನುಗ್ಗಿಸಿ ಅದರ ಮೈ ತೊಳೆಯುತ್ತಿತ್ತು.

ಒಂದು ದಿನ ಪೊರೆ ತನ್ನ ತೂತುಗಳನ್ನು ಬಿಗಿಹಿಡಿದು, "ಮುಟ್ಟಬೇಡ! ಊರ ಕೊಳೆಯನ್ನೆಲ್ಲ ಹೊರಗಿಡುವವಳು ನಾನು, ಸದಾ ಮಡಿಯಲ್ಲಿದ್ದೇನೆ. ನನಗ್ಯಾಕೆ ಸ್ನಾನ?" ಎಂದಿತು.

"ಹೊರಗಿಟ್ಟ ಕೊಳೆ ನಿನ್ನ ಮುಖಕ್ಕೇ ಅಂಟಿದೆ, ತಾಯಿ," ಎಂದಿತು ಪಂಪು. "ಹೀಗೇ ಬಿಟ್ಟರೆ ನಿನ್ನನ್ನೇ ಎಸೆಯುತ್ತಾರೆ."

"ಎಸೆಯುವುದು ಕಸವನ್ನು, ನನ್ನನ್ನಲ್ಲ!"

ಮೂರನೆಯ ದಿನ ಒಂದು ಹನಿಯೂ ದಾಟಲಿಲ್ಲ. ಕೆಲಸಗಾರರು ಪೊರೆಯನ್ನು ಕಿತ್ತು, ಅಂಗಳದಲ್ಲಿದ್ದ ದಂಟಿನ ರಾಶಿಯ ಪಕ್ಕಕ್ಕೆ ಬಿಸಾಡಿದರು.

"ಬನ್ನಿ ಮಡಿಯಮ್ಮ," ಎಂದು ಒಣದಂಟೊಂದು ಸರಿದು ಜಾಗ ಬಿಟ್ಟಿತು. "ನಾನು ನಾಳೆ ಒಳಗೆ ಹೋದರೆ ಮುಂದಿನ ವಾರ ಬಸ್ಸು ಓಡಿಸುತ್ತೇನೆ. ತಮ್ಮ ಸವಾರಿ ಎಲ್ಲಿಗೋ?"

ಪೊರೆಯ ಬಾಯಿ ತುಂಬ ಗಸಿಯಿತ್ತು.

ವೇಣೂಬಾಯಿ ಕಿಸಕ್ಕನೆ ನಕ್ಕಳು. "ಬರಕೋ ಕೂಸ, ಮರೀತೀನಿ. ಮಡಿ ಮಡಿ ಅಂತಿದ್ದ ನಮ್ಮತ್ತಿ ಹೆಸರು ಮಾತ್ರ ಹಾಕಬ್ಯಾಡ."