ಬೊಮ್ಮಕ್ಕನ ಪರ ನಿಂತ ವಕೀಲ

ತೊರೆಸಾಲು ಅಂತ ಒಂದು ರಾಜ್ಯ. ಅಲ್ಲಿನ ರಾಜನ ನ್ಯಾಯದ ಚಾವಡಿಯಲ್ಲಿ ಒಂದು ಕಟ್ಟಳೆ ಇತ್ತು ಮಕ್ಕಳೇ. ದೂರು ತಂದವರು ತಾವೇ ಬಾಯಿ ಬಿಡುವಂತಿಲ್ಲ, ಅವರ ಪರವಾಗಿ ವಕೀಲರೇ ಮಾತಾಡಬೇಕು. ರಾಜನ ಅಜ್ಜನ ಕಾಲದಲ್ಲಿ ಎಲ್ಲರೂ ಒಟ್ಟಿಗೇ ಕಿರುಚಾಡಿ ಚಾವಡಿ ಸಂತೆಯಾಗಿತ್ತಂತೆ. ಅದಕ್ಕೇ ಈ ಕಟ್ಟಳೆ. ಒಳ್ಳೇದಕ್ಕೇ ಮಾಡಿದ್ದು. ಆದರೆ ವಕೀಲನನ್ನು ಇಡೋಕೆ ಕೈಲಾಗದವರು ಏನು ಮಾಡಬೇಕು? ಅದನ್ನ ಅಜ್ಜರಾಜ ಯೋಚಿಸಲೇ ಇಲ್ಲ.

ಆ ರಾಜ್ಯದಲ್ಲಿ ಬೊಮ್ಮಕ್ಕ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಊರಾಚೆ ಅವಳದ್ದೊಂದು ಮಣ್ಣಿನ ಗುಂಡಿ. ಬೆಣ್ಣೆಯಂಥ ಮಣ್ಣು. ಅದೇ ಮಣ್ಣಿಂದ ಆರು ಮನೆಯ ಕುಂಬಾರರು ಗಡಿಗೆ ಮಾಡಿ ಬದುಕುತ್ತಿದ್ದರು.

ಒಂದು ದಿನ ಬೆಳಗ್ಗೆ ಹೋಗಿ ನೋಡಿದರೆ ಗುಂಡಿಯ ಸುತ್ತ ಮುಳ್ಳುಬೇಲಿ! ಅರಮನೆಯ ಉಗ್ರಾಣ ನೋಡಿಕೊಳ್ಳೋ ಮಲ್ಲರಸನ ಆಳುಗಳು ಒಳಗೆ ಇಟ್ಟಿಗೆ ಕೊಯ್ಯುತ್ತಿದ್ದರು.

"ಸ್ವಾಮಿ, ಇದು ನಮ್ಮ ಗುಂಡಿ," ಅಂದಳು ಬೊಮ್ಮಕ್ಕ.

"ನಿಮ್ಮದಾದರೆ ಚಾವಡಿಗೆ ಹೋಗು. ಯಾರು ಬೇಡ ಅಂದರು?" ಅಂತ ಮಲ್ಲರಸ ನಕ್ಕ. ಇವಳ ಪರ ಮಾತಾಡೋರು ಯಾರೂ ಸಿಗಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೊಮ್ಮಕ್ಕ ಮೊದಲನೇ ವಕೀಲನ ಮನೆಗೆ ಹೋದಳು. ಅವನು ಅವಳ ಖಾಲಿ ಕೈ ನೋಡಿದ. "ಇನ್ನೊಂದು ಸಲ ಬಾ," ಅಂದ.

ಎರಡನೇ ವಕೀಲನ ಮನೆಗೆ ಹೋದಳು. ಮಲ್ಲರಸನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವನು ಬಾಗಿಲು ಹಾಕಿಕೊಂಡ.

ಮೂರನೇ ವಕೀಲ ತಿಪ್ಪಾಭಟ್ಟ. ಅವನು ಕುಡಿಯೋಕೆ ಮಜ್ಜಿಗೆ ಕೊಟ್ಟ. "ದೊಡ್ಡವರ ಸಹವಾಸ ನಿನಗೆ ಯಾಕಮ್ಮ? ಬೇರೆ ಕಡೆ ಗುಂಡಿ ತೋಡಿಕೊ," ಅಂದ. ಲೋಟ ಕೆಳಗಿಟ್ಟು ಎದ್ದು ಬಂದಳು.

ಸೀದಾ ಚಾವಡಿಯ ಮೆಟ್ಟಿಲ ಮೇಲೆ ಬಂದು ಕೂತಳು. ಒಂದು ದಿನ ಕೂತಳು. ಎರಡು ದಿನ ಕೂತಳು. ಮೂರನೇ ದಿನ ಚಂದಯ್ಯ ಅನ್ನೋ ವಕೀಲ ಆ ಕಡೆ ಬಂದ. ಆಗ ತಾನೇ ಒಂದು ವಾದ ಸೋತು, ಮುಖ ಸಪ್ಪಗೆ ಮಾಡಿಕೊಂಡು ಹೊರಟಿದ್ದ.

"ಯಾರಿಗೆ ಕಾಯ್ತಾ ಇದೀಯವ್ವ?"

"ನನ್ನ ಪರ ಮಾತಾಡೋರಿಗೆ. ಆದರೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ ಸ್ವಾಮಿ."

ಚಂದಯ್ಯ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ. "ನನಗೆ ಮಾತು ಕಲಿಸಿದ್ದು ನಮ್ಮವ್ವ. ಅವಳೂ ಏನೂ ತಗೊಂಡಿರಲಿಲ್ಲ. ಹೇಳು, ಏನಾಯ್ತು?"

ಬೊಮ್ಮಕ್ಕ ಹೇಳಿದಳು. ಚಂದಯ್ಯ ಪೂರ್ತಿ ಕೇಳಿದ. ಅವಳ ಜೊತೆ ಗುಂಡಿಯವರೆಗೂ ನಡೆದ.

"ಇನ್ನೇನಾದರೂ ಇದೆಯಾ?" ಅಂತ ಕೇಳಿದ.

"ಇಲ್ಲ ಸ್ವಾಮಿ."

ವಾಪಸ್ ಬರುವಾಗ ಮತ್ತೆ ಕೇಳಿದ. "ಇನ್ನೇನಾದರೂ?"

"ಇಲ್ಲ."

ಅವಳ ಮನೆ ಬಾಗಿಲಲ್ಲಿ ನಿಂತು ಮೂರನೇ ಸಲ ಕೇಳಿದ. ಬೊಮ್ಮಕ್ಕ ತಲೆ ತಗ್ಗಿಸಿದಳು.

"ಒಂದಿದೆ. ಹೇಳಿಕೊಳ್ಳೋಕೆ ನಾಚಿಕೆ. ಏಳು ವರ್ಷದ ಹಿಂದೆ ಮಳೆಗಾಲದಲ್ಲಿ ದಳವಾಯಿಗಳ ಕುದುರೆ ನಮ್ಮ ಗುಂಡಿಗೆ ಬಿದ್ದು ಕಾಲು ಮುರಕೊಂಡಿತು. ಗುಂಡಿಗೆ ಯಾಕೆ ತಡೆ ಹಾಕಿಲ್ಲ ಅಂತ ನನ್ನ ಗಂಡನಿಗೆ ಶಿಕ್ಷೆ ಆಯ್ತು. ಮೂರು ತಿಂಗಳು ಅರಮನೆಯ ಲಾಯಕ್ಕೆ ಹುಲ್ಲು ಕೊಯ್ದ. ಸಾಯೋವರೆಗೂ ಆ ಮಾತು ಯಾರ ಮುಂದೆಯೂ ಎತ್ತಬೇಡ ಅಂತಿದ್ದ."

ಚಂದಯ್ಯನ ಕಣ್ಣು ಅರಳಿತು. "ಅವ್ವಾ, ನಾಳೆ ಹೇಳಬೇಕಾದ್ದು ಅದನ್ನೇ. ನಿನ್ನ ಒಪ್ಪಿಗೆ ಇಲ್ಲದೆ ಹೇಳಲ್ಲ. ಹೇಳಲಾ?"

ಬೊಮ್ಮಕ್ಕ ಅಕ್ಕಪಕ್ಕದ ಕುಂಬಾರರ ಮನೆಗಳ ಕಡೆ ನೋಡಿದಳು. "ಹೇಳಿ. ಆರು ಮನೆಯ ಒಲೆ ಉರೀಬೇಕು," ಅಂದಳು.

ಮಾರನೇ ದಿನ ಚಾವಡಿ ತುಂಬಿತ್ತು. ಮಲ್ಲರಸನ ಹಿಂದೆ ಮೂರು ಜನ ವಕೀಲರು. ಬೊಮ್ಮಕ್ಕನ ಪಕ್ಕ ಚಂದಯ್ಯ ಒಬ್ಬನೇ.

"ಮಲ್ಲರಸರೇ, ನಿಮ್ಮ ಅಜ್ಜನ ಕಾಲದಲ್ಲಿ ಆ ಗುಂಡಿ ಯಾರದ್ದು?" ಅಂತ ಕೇಳಿದ ಚಂದಯ್ಯ.

"ನಮ್ಮದೇ."

"ನಿಮ್ಮ ಅಪ್ಪನ ಕಾಲದಲ್ಲಿ?"

"ನಮ್ಮದೇ."

"ಏಳು ವರ್ಷದ ಹಿಂದೆ, ಆ ದೊಡ್ಡ ಮಳೆಗಾಲದಲ್ಲಿ?"

"ಆಗಲೂ ನಮ್ಮದೇ! ಒಂದು ದಿನಕ್ಕೂ ಬೇರೆಯವರದ್ದಾಗಿರಲಿಲ್ಲ."

ಚಂದಯ್ಯ ರಾಜನ ಕಡೆ ತಿರುಗಿ ಕೈಮುಗಿದ. "ಮಹಾಪ್ರಭು, ಆ ಮಳೆಗಾಲದಲ್ಲಿ ದಳವಾಯಿಗಳ ಕುದುರೆ ಅದೇ ಗುಂಡಿಗೆ ಬಿತ್ತು. ಗುಂಡಿಯ ಒಡೆಯ ಮೂರು ತಿಂಗಳು ಲಾಯಕ್ಕೆ ಹುಲ್ಲು ಕೊಯ್ಯಬೇಕು ಅಂತ ಇದೇ ಚಾವಡಿ ಹೇಳಿತು. ಪಾಪ, ಯಾರೋ ಕುಂಬಾರ ಕೊಯ್ದುಬಿಟ್ಟ. ಒಡೆಯರು ಮಲ್ಲರಸರಾದರೆ ಆ ಶಿಕ್ಷೆ ಅವರದ್ದು. ಒಂದು ಕುಡುಗೋಲು ತರಿಸಿ."

ಮಲ್ಲರಸ ಬೆವೆತುಹೋದ. ವಕೀಲರು ಅವನ ಅಂಗಿ ಹಿಡಿದು ಎಳೆದರು. ಅವನು ಕೇಳಲಿಲ್ಲ.

"ಅಯ್ಯೋ ಪ್ರಭು, ಆಗ ಅದು ಕುಂಬಾರರದ್ದು! ನಾನು ಬೇಲಿ ಹಾಕಿದ್ದು ಮೊನ್ನೆ ಮೊನ್ನೆ!" ಅಂತ ಕೂಗಿಬಿಟ್ಟ.

ಚಾವಡಿಗೆ ಚಾವಡಿಯೇ ನಕ್ಕಿತು. ರಾಜ ಮಾತ್ರ ನಗಲಿಲ್ಲ. ಹಳೇ ಕಡತ ತರಿಸಿ ಓದಿಸಿದ. 'ಗುಂಡಿಯ ಒಡೆಯ, ಕುಂಬಾರ ಹಾಲಪ್ಪ' ಅಂತ ಬರೆದಿತ್ತು. ಗಂಡನ ಹೆಸರು ಕೇಳಿ ಬೊಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಏಳು ವರ್ಷ ಬಚ್ಚಿಟ್ಟುಕೊಂಡಿದ್ದ ಅವಮಾನವೇ ಅವತ್ತು ಅವಳ ಕೈಹಿಡಿಯಿತು.

ರಾಜ ತೀರ್ಪು ಕೊಟ್ಟ. ಗುಂಡಿ ಬೊಮ್ಮಕ್ಕನದ್ದು. ಬೇಲಿಯನ್ನ ಮಲ್ಲರಸ ತನ್ನ ಕೈಯಾರೆ ಕೀಳಬೇಕು. ಆಮೇಲೆ ಮೂರು ತಿಂಗಳು ಲಾಯಕ್ಕೆ ಹುಲ್ಲು ಕೊಯ್ಯಬೇಕು.

"ಚಂದಯ್ಯ, ನಿನಗೇನು ಬೇಕು ಕೇಳು," ಅಂದ ರಾಜ.

"ಪ್ರಭು, ಈ ತಾಯಿ ಮೂರು ದಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅಕಸ್ಮಾತ್ ಆ ಕಡೆ ಬಂದೆ. ಇನ್ನೊಂದು ಬಾಗಿಲಿಂದ ಹೋಗಿದ್ದರೆ? ಚಾವಡಿಯಲ್ಲಿ ಒಂದು ಚಾಪೆ ಹಾಕಿಸಿ. ವಾರಕ್ಕೊಂದು ದಿನ ನಾನು ಕೂರ್ತೀನಿ. ಇಲ್ಲದವರು ಬಂದು ಹೇಳಿಕೊಳ್ಳಲಿ, ಅವರ ಪರ ಮಾತಾಡ್ತೀನಿ. ಏನೂ ಕೊಡೋದು ಬೇಡ."

"ವಾರದಲ್ಲಿ ಇನ್ನೂ ಆರು ದಿನ ಇವೆಯಲ್ಲ?" ಅಂದ ರಾಜ.

ವಕೀಲರೆಲ್ಲ ನೆಲ ನೋಡಿದರು. ಮೊದಲು ತಿಪ್ಪಾಭಟ್ಟ ಎದ್ದು ಬೊಮ್ಮಕ್ಕನಿಗೆ ಕೈಮುಗಿದ. "ಬೇರೆ ಗುಂಡಿ ತೋಡಿಕೊ ಅಂದಿದ್ದೆ. ತಪ್ಪಾಯ್ತು ತಾಯಿ. ಮಂಗಳವಾರ ನಾನು ಕೂರ್ತೀನಿ," ಅಂದ. ಆಮೇಲೆ ಇನ್ನೊಬ್ಬ ಎದ್ದ. ಮತ್ತೊಬ್ಬ ಎದ್ದ. ಎಲ್ಲರೂ ಏಳಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಏಳು ದಿನಕ್ಕೆ ಏಳು ಜನ ಆದರು.

ಮೊದಲನೇ ದಿನ ಚಾಪೆಯ ಹತ್ತಿರ ಬಂದವಳು ಒಬ್ಬ ಮುದುಕಿ. "ನಾನು ಮಾತಾಡಬಹುದಾ?" ಅಂತ ಹೆದರುತ್ತಾ ಕೇಳಿದಳು. "ಕೂತ್ಕೊಂಡು ಮಾತಾಡವ್ವ, ಅವಸರ ಇಲ್ಲ," ಅಂದ ಚಂದಯ್ಯ.

ನೋಡಿ ಮಕ್ಕಳೇ, ನ್ಯಾಯದ ಬಾಗಿಲು ತೆರೆದಿದ್ದರೆ ಸಾಲದು. ಬಡವರ ಕೈ ಹಿಡಿದು ಒಳಗೆ ಕರಕೊಂಡು ಹೋಗೋರೂ ಬೇಕು. ನಿಮಗೆ ಬರೋ ವಿದ್ಯೆಯಲ್ಲಿ ಒಂದು ಪಾಲನ್ನ, ದುಡ್ಡು ಕೊಡಲಾರದವರಿಗೆ ಅಂತ ತೆಗೆದಿಡಿ.