ಬಾವಿಯೊಳಗೆ ಹೊಲಿದ ಕೌದಿ

೧೯೬೮ನೇ ಇಸವಿ, ಮಾರ್ಚ್ ೧೪, ಗುರುವಾರ. ಅಂದಿನ ನನ್ನ ದಿನಚರಿಯಲ್ಲಿ ಹೀಗಿದೆ: "ನಿನ್ನೆ ಹಾಸ್ಟೆಲಿನಲ್ಲಿ ಸುಲೋಚನಾ ಹೇಳಿದ ಕತೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಥಾದ್ದೇನೂ ಇರಲಿಲ್ಲ ಅದರಲ್ಲಿ. ಇವತ್ತು ನಾನು ಅದಕ್ಕಿಂತ ಉದ್ದದ್ದೊಂದು ಹೇಳಿದೆ."

ಈಗ ನನ್ನ ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತು, ಎಂದೂ ಕಂಡಿರದ ದೇಶದ ಹುಡುಗರ ಜೊತೆ ಸೇರಿ ಕಾಲೇಜಿನ ಕೆಲಸ ಮಾಡುತ್ತಾಳೆ. ಇದು ಈಗ ತಾನೇ ಹುಟ್ಟಿದ ವಿದ್ಯೆ ಎಂದುಕೊಂಡಿದ್ದಾಳೆ. ಹುಟ್ಟಿದ ತಾರೀಖು ನನ್ನ ಹತ್ತಿರ ಇದೆ. ಅವಳಿಗೆ ಹೇಳಿದ ಹಾಗೇ ನಿಮಗೂ ಹೇಳುತ್ತೇನೆ. ಹತ್ತಿರ ಬನ್ನಿ, ನಡುವೆ ಕೆಮ್ಮಬೇಡಿ.

ಒಂದಾನೊಂದು ಊರಿನಲ್ಲಿ ಒಂದು ಬಾವಿ ಇತ್ತು. ಊರಿನ ಹೆಸರು ಕವಳಗುಂದಿ. ಬಾವಿಗೆ ತಳ ಇರಲಿಲ್ಲ. ಇಳಿಯುತ್ತಾ ಇಳಿಯುತ್ತಾ ಹೋದರೆ ಅದು ಭೂಮಿಯ ಆಚೆ ಬದಿಯ ಇನ್ನೊಂದು ಊರಿನ ಬಾವಿಯಾಗುತ್ತಿತ್ತು. ನಮ್ಮವರು ಅದನ್ನು ಕೆಳಗಿನೂರು ಎನ್ನುತ್ತಿದ್ದರು. ಅವರು ನಮ್ಮನ್ನು ಕೆಳಗಿನೂರು ಎನ್ನುತ್ತಿದ್ದರು. ಇಬ್ಬರೂ ಬಗ್ಗಿ ನೋಡಿದರೆ ಇಬ್ಬರ ಮುಖವೂ ಇಬ್ಬರಿಗೂ ಕಾಣುತ್ತಿತ್ತು.

ನೀರು ನಟ್ಟನಡುವೆ ಇತ್ತು. ಅದು ಯಾವ ಊರಿನ ನೀರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಹಾಗಾಗಿ ಅದಕ್ಕೆ ಯಾರನ್ನೂ ಒದ್ದೆ ಮಾಡುವ ಅಧಿಕಾರ ಇರಲಿಲ್ಲ.

ಕವಳಗುಂದಿಯಲ್ಲಿ ಒಂದು ವಿದ್ಯಾಪೀಠ ಇತ್ತು. ಅಲ್ಲಿ ಕಲಿಸುವವರು ಕಾಶವ್ವ. ಹುಡುಗ ಹುಡುಗಿಯರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅಲ್ಲಿಯ ಕೊನೆಯ ಪರೀಕ್ಷೆ ಒಂದೇ. ನೀವು ಎಂದೂ ಮುಟ್ಟದ ಮಂದಿಯ ಜೊತೆ ಸೇರಿ ಒಂದು ಕೌದಿ ಹೊಲಿಯಬೇಕು. ಹಳೇ ಬಟ್ಟೆಯ ತೇಪೆಗಳನ್ನು ಸೇರಿಸಿ ಹೊಲಿದ ಹೊದಿಕೆ, ಅದೇ ಕೌದಿ. ಅರ್ಧ ಈ ಊರಿನವರದು, ಅರ್ಧ ಆ ಊರಿನವರದು. ಹುಣ್ಣಿಮೆಯ ಚಂದ್ರ ಹುಟ್ಟುವುದರೊಳಗೆ ಮುಗಿದರೆ ಪದವಿ. ಮುಗಿಯದಿದ್ದರೆ ಅಷ್ಟೂ ಮಂದಿ ಮತ್ತೆ ಒಂದನೇ ಇಯತ್ತೆಯಲ್ಲಿ ಕೂತು ಅ ಆ ಇ ಈ ತಿದ್ದಬೇಕು. ಹಿಂದಿನ ವರ್ಷಗಳವರು ಇನ್ನೂ ತಿದ್ದುತ್ತಿದ್ದರು. ಅವರಲ್ಲಿ ಒಬ್ಬನಿಗೆ ಮೊಮ್ಮಕ್ಕಳಿದ್ದರು.

ಆ ವರ್ಷ ನಮ್ಮ ಕಡೆ ಹನ್ನೊಂದು ಮಂದಿ. ಅವರ ಮುಂದಾಳು ನೀಲಗಂಗಾ. ಆ ಕಡೆಯೂ ಹನ್ನೊಂದು ಮಂದಿ. ಅವರ ಮುಂದಾಳು ಓಲು ಎಂಬ ಹುಡುಗ.

ಕಾಶವ್ವ ಮೂರು ತಿಂಗಳು ತಯಾರಿ ಮಾಡಿಸಿದರು. "ಮಾತು ಆಚೆ ಹೋಗಿ ಮುಟ್ಟೂದಕ್ಕ ಹೊತ್ತು ಬೇಕು. ನೀವು ಕೇಳಿ ಸುಮ್ಮನ ಕೂಡ್ರಿ. ಅವರು ಉತ್ತರ ಕೊಡೂದ್ರಾಗ ಇನ್ನೊಂದು ಕೇಳಬ್ಯಾಡ್ರಿ. ನಿಮ್ಮ ಮುಂಜಾನಿ ಅವರಿಗೆ ಸಂಜಿ. ಅವರು ಆಕಳಿಸಿದರ ಸಿಟ್ಟಾಗಬ್ಯಾಡ್ರಿ."

ಭಾಷೆಯ ಚಿಂತೆ ಇರಲಿಲ್ಲ. ಮಾತು ನೀರನ್ನು ದಾಟುವಾಗ ಅದರ ಭಾಷೆ ತೊಳೆದುಹೋಗಿ ಬರೀ ಅರ್ಥ ಉಳಿಯುತ್ತಿತ್ತು. ಆದರೆ ತಲೆ ಅಲ್ಲಾಡಿಸಿದ್ದು ಮಾತ್ರ ತೊಳೆಯದೆ ಹಾಗೇ ಹೋಗುತ್ತಿತ್ತು. ಇದೊಂದನ್ನು ಅಕ್ಕೋರು ಮರೆತಿದ್ದರು.

ಮೊದಲ ದಿನ ಓಲು ಬಾವಿಯೊಳಗಿಂದ ಕೇಳಿದ: "ಈ ಅಂಚಿಗೆ ಕೆಂಪು ಹಾಕೋಣವೇ?"

ಹನ್ನೊಂದು ಮಂದಿಯೂ ನಾವೆಲ್ಲ ಅಲ್ಲಾಡಿಸುವಂತೆ ಚೆಂದಾಗಿ ತಲೆಯನ್ನು ಆ ಹೆಗಲಿಗೂ ಈ ಹೆಗಲಿಗೂ ಅಲ್ಲಾಡಿಸಿದರು. ಹೂಂ, ಹಾಕೋಣ, ಎಂದು. ಓಲುವಿನ ಮುಖ ಸಣ್ಣದಾಯಿತು. ಬೇಡವಂತೆ ಎಂದು ಅವರು ಕೆಂಪು ಅಂಚನ್ನೆಲ್ಲ ಬಿಚ್ಚಿದರು. ಎರಡನೆಯ ದಿನ ಹಸಿರು. ಚೆಂದಾಗಿ ತಲೆ ಅಲ್ಲಾಡಿಸಿದರು. ಅದನ್ನೂ ಬಿಚ್ಚಿದರು. ಮೂರನೆಯ ದಿನ ಹಳದಿ. ಅದನ್ನೂ ಬಿಚ್ಚಿದರು.

ನಾಲ್ಕನೆಯ ದಿನ ಸಂಗತಿ ತಿಳಿಯಿತು. ಆ ಊರಿನಲ್ಲಿ ಹೂಂ ಎನ್ನಬೇಕಾದರೆ ಕಣ್ಣು ಮುಚ್ಚುತ್ತಾರೆ. ನಮ್ಮವರು ಮರ್ಯಾದಸ್ಥರು, ಐದನೆಯ ದಿನದಿಂದ ಕಣ್ಣು ಮುಚ್ಚತೊಡಗಿದರು. ಅವರೂ ಮರ್ಯಾದಸ್ಥರು, ಐದನೆಯ ದಿನದಿಂದ ತಲೆ ಅಲ್ಲಾಡಿಸತೊಡಗಿದರು. ಕಣ್ಣು ಮುಚ್ಚಿದವರಿಗೆ ತಲೆ ಅಲ್ಲಾಡಿಸಿದ್ದು ಕಾಣಲಿಲ್ಲ. ಇನ್ನೂ ಮೂರು ದಿನ ಹೋಯಿತು.

"ಅಕ್ಕೋರೇ, ಬಾಯಿಲೇ ಹೂಂ ಅಂದರ ಆಗೂದಿಲ್ಲೇನ್ರಿ?" ಎಂದಳು ನೀಲಗಂಗಾ.

"ಅಷ್ಟು ಸರಳ ಇದ್ದರ ಅದಕ್ಕ ಯಾಕ ಪದವಿ ಕೊಡ್ತಾರ?" ಎಂದರು ಕಾಶವ್ವ. ಆಮೇಲೆ ಯೋಚಿಸಿ, "ಅಂದು ನೋಡು" ಎಂದರು.

ಅಂದಳು. ಆಯಿತು. ಅಲ್ಲಿಂದ ಸೂಜಿ ಓಡಿತೇ ಓಡಿತು.

ಈಗ ರಾಜ ಬರುತ್ತಾನೆ. ಕವಳಗುಂದಿಯ ರಾಜ ಭರಮರಾಯ. ಬೇರೆಯವರ ಮನೆಯ ಹೊಗೆ ನೇರವಾಗಿ ಮೇಲೆ ಹೋದರೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಬಾವಿಕಟ್ಟೆಯ ಮೇಲೆ ನಿಂತು ಕೇಳಿದ:

"ಅವರ ಕಡೆ ಎಷ್ಟು ತೇಪಿ?"

"ಮುನ್ನೂರು, ಮಹಾರಾಜರೇ," ಎಂದಳು ನೀಲಗಂಗಾ.

"ನಮ್ಮ ಕಡೆ?"

"ಮುನ್ನೂರು."

"ಹಾಂ! ಅವರದು ಮುನ್ನೂರು! ನಮ್ಮದು ಬರೇ ಮುನ್ನೂರ?"

"ಎರಡೂ ಸಮ ಅದಾವ್ರಿ."

"ಅವರದು ಸಮ ಆಗೂ ತನಕ ನೀ ಏನ್ ಮಾಡಾಕತ್ತಿದ್ದಿ?" ಎಂದು ರಾಜ ತನ್ನ ರುಮಾಲು ಬಿಚ್ಚಿಕೊಟ್ಟ. ಮುನ್ನೂರಾ ಒಂದಾಯಿತು.

ಆ ಕಡೆಯೂ ಒಬ್ಬ ರಾಜ ಇದ್ದ. ಅವನೂ ಬಗ್ಗಿ ನೋಡಿದ. ನೋಡಿ ತನ್ನ ನಿಲುವಂಗಿ ಬಿಚ್ಚಿಕೊಟ್ಟ. ಭರಮರಾಯ ಅರಮನೆಯ ಪರದೆ ಕೊಟ್ಟ. ಅವನು ಕುದುರೆಯ ಬೆನ್ನಿಗೆ ಹೊದಿಸುವ ಜೂಲು ಕೊಟ್ಟ. ಇವನು ದಂಡಿನ ಡೇರೆ ಕೊಟ್ಟ. ಅವನು ಹಡಗಿನ ಹಾಯಿ ಕೊಟ್ಟ. ಇವನು ಊರಿನ ಹಗ್ಗದ ಮೇಲೆ ಒಣಗಲು ಹಾಕಿದ್ದೆಲ್ಲ ಕೊಟ್ಟ. ಕವಳಗುಂದಿಯ ಮಂದಿ ಎಂಟು ದಿನ ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದರು.

"ನಾ ಬಿಸಿಲಾಗ ಬೆವರಾಕತ್ತೀನಿ, ಅವನು ನೋಡು, ಬೆಳದಿಂಗಳಾಗ ನಿಂತಾನ!" ಎಂದು ಭರಮರಾಯ ಕೂಗಿದ. "ಆ ಬೆಳದಿಂಗಳೂ ಒಂದು ತೇಪಿ ಕತ್ತರಿಸಿ ತರ್ರಿ!"

ಕೌದಿ ಬಾವಿಯ ಈ ಬಾಯಿಂದ ಆ ಬಾಯಿಯವರೆಗೂ ತುಂಬಿಕೊಂಡಿತು. ಹುಣ್ಣಿಮೆಗೆ ಒಂದೇ ಹಗಲು ಉಳಿಯಿತು. ಎರಡು ಮೂಲೆ ಮಾತ್ರ ಬಾಕಿ, ಈ ಕಡೆ ಒಂದು, ಆ ಕಡೆ ಒಂದು.

ಆಗ ಕೌದಿ ಬಾಯಿ ಬಿಟ್ಟು ಮಾತಾಡಿತು. "ನನಗ ಹಸಿವಾಗೇತಿ."

ನಗಬೇಡಿ. ಕೌದಿ ಹೊಲಿಯುವವರಿಗೆ ಗೊತ್ತು. ಖಾಲಿ ಹೊಟ್ಟೆಯ ಕೌದಿಯ ಕೊನೆಯ ಮೂಲೆ ಮುಚ್ಚುವಂತಿಲ್ಲ. ಒಳಗೊಂದು ಹೋಳಿಗೆ ಇಟ್ಟು, ಅದರ ಹೊಟ್ಟೆ ತುಂಬಿಸಿ, ಆಮೇಲೆ ಹೊಲಿಗೆ ಹಾಕಬೇಕು. ಇಲ್ಲದಿದ್ದರೆ ಅದನ್ನು ಹೊದ್ದವರಿಗೆ ಜೀವಮಾನವೆಲ್ಲ ಹಸಿವು.

ಇಷ್ಟು ದೊಡ್ಡ ಕೌದಿಗೆ ಒಂದು ಸಾಲದು. ನಮ್ಮವರು ಹನ್ನೊಂದು ಹೋಳಿಗೆ ಮಾಡಿದರು. ಆ ಕಡೆಯವರಿಗೆ ಮಾಡುವ ಬಗೆಯನ್ನು ನೀಲಗಂಗಾ ಬಾವಿಯಲ್ಲೇ ಹೇಳಿಕೊಟ್ಟಳು. ಅವರೂ ಹನ್ನೊಂದು ಮಾಡಿದರು. ಎರಡೂ ಕಡೆಯಿಂದ ಒಳಗೆ ತಳ್ಳಿದರು.

"ಹೆಂಗಿತ್ತು?" ಎಂದು ಕೇಳಿದ ಭರಮರಾಯ.

"ಚಲೋ ಇತ್ತು," ಎಂದಿತು ಕೌದಿ. "ಆದರ ಅವರದು ಒಂದು ಎಳಿ ಬೆಲ್ಲ ಹೆಚ್ಚು."

ಕತೆ ಕೆಟ್ಟದ್ದು ಇಲ್ಲೇ. ಕೌದಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಮ್ಮ ಹೋಳಿಗಿ ಮಾಡಾಕ ನಮ್ಮ ಕಡೆ ಕಲತು, ನಮಗಿಂತ ಸಿಹಿ ಮಾಡ್ತಾನ?" ರಾಜನ ಮುಖ ಸುಟ್ಟ ಬದನೆಕಾಯಿಯಾಯಿತು. "ಸುಳ್ಳು! ನಾನ ತಿಂದು ನೋಡ್ತೀನಿ." ಎಂದವನೇ ಇನ್ನೂ ಹೊಲಿಯದ ಮೂಲೆಯಿಂದ ಕೌದಿಯ ಹೊಟ್ಟೆಯೊಳಗೆ ನುಗ್ಗಿದ.

ಆ ಕಡೆಯ ರಾಜನಿಗೆ ಅನ್ನಿಸಿತು: ಅವನು ನಮ್ಮ ಹೋಳಿಗೆ ತಿನ್ನುತ್ತಾನೆ, ನಾನು ಅವನದನ್ನು ತಿನ್ನಬಾರದೇ? ಅವನೂ ಆ ಮೂಲೆಯಿಂದ ನುಗ್ಗಿದ. ಇಬ್ಬರೂ ನಟ್ಟನಡುವೆ ಎದುರಾದರು. ಒಳಗೆ ಧಪಧಪ ಸದ್ದಾಯಿತು.

ಹೊತ್ತು ಇಳಿಯಿತು. ಬೇಲಿಯ ಹಿಂದೆ ಚಂದ್ರನ ನೆತ್ತಿ ಕಾಣುವ ಸಮಯ.

"ಮಹಾರಾಜರೇ, ಹೊರಗ ಬರ್ರಿ, ಮೂಲಿ ಮುಚ್ಚಬೇಕು!" ಎಂದು ಕಾಶವ್ವ ಕೂಗಿದರು.

"ಮೊದಲು ಅವನು ಹೋಗಲಿ! ನಾ ಹೋದರ ಉಳಿದದ್ದೆಲ್ಲ ಅವನ ತಿಂತಾನ!"

ಆ ಕಡೆಯಿಂದಲೂ ಅದೇ ಮಾತು ಬಂತು. ಮತ್ತೆ ಕರೆದರು. ಮತ್ತೆ ಅದೇ ಮಾತು. ಮೂರನೆಯ ಸಲ ಕರೆದರು. "ಕರೀಬ್ಯಾಡ ಹೋಗ, ಎಣಸಾಕತ್ತೀನಿ!" ಎಂದ ರಾಜ.

ಉಳಿದ ಹತ್ತು ಮಂದಿ ನೀಲಗಂಗೆಯ ಮುಖ ನೋಡಿದರು. ಒಬ್ಬ ಆಗಲೇ ಅಳುತ್ತಾ ಅ ಆ ಇ ಈ ಎನ್ನತೊಡಗಿದ್ದ.

"ಓಲು, ನಿಮ್ಮ ರಾಜ ಬರ್ತಾನೇನು?"

ಮಾತು ಹೋಯಿತು. ಎಲ್ಲರೂ ಸುಮ್ಮನೆ ಕೂತರು. ಉತ್ತರ ಬಂತು: "ಇಲ್ಲ. ನಿಮ್ಮವನು?"

"ಇಲ್ಲ."

ನೀಲಗಂಗಾ ಸೂಜಿಗೆ ನೂಲು ಪೋಣಿಸಿದಳು.

"ಮುಚ್ಚೂಣು?"

"ಮುಚ್ಚೋಣ."

ಇಲ್ಲಿ ಸೂಜಿ ಹೋಯಿತು, ಅಲ್ಲಿ ಸೂಜಿ ಬಂತು. ಚಂದ್ರ ನೆತ್ತಿ ತೋರುವ ಮೊದಲೇ ಎರಡೂ ಮೂಲೆಗೆ ಗಂಟು ಬಿತ್ತು. ಕೌದಿ ಒಮ್ಮೆ ತೇಗಿತು. "ಈಗ ಹೊಟ್ಟಿ ತುಂಬಿತು," ಎಂದಿತು.

ಇಪ್ಪತ್ತೆರಡು ಮಂದಿಗೂ ಪದವಿ ಸಿಕ್ಕಿತು. ಅವರು ಒಬ್ಬರನ್ನೊಬ್ಬರು ಮುಟ್ಟಿದವರಲ್ಲ, ಇಂದಿಗೂ ಮುಟ್ಟಿಲ್ಲ. ಎರಡೂ ಊರಿನಿಂದ ಹೋಗಿ ಎದುರೆದುರು ಭೇಟಿಯಾದವರು ಆ ಇಬ್ಬರು ರಾಜರು ಮಾತ್ರ. ಕಿವಿಗೊಟ್ಟರೆ ಬಾವಿಯೊಳಗಿಂದ ಈಗಲೂ ಕೇಳುತ್ತದೆ: "ನಿನ್ನ ಕಡೆ ಹೆಚ್ಚು ಬೆಚ್ಚಗೈತಿ, ಸರಿ ಆಚೆ!"

ಇದರ ನೀತಿ: ಹೋಳಿಗೆಗೆ ಬೆಲ್ಲ ಅಳತೆಯಾಗಿ ಹಾಕಿರಿ. ಕತೆ ಬಾವಿಯಲ್ಲಿ, ನಾನು ಕಟ್ಟೆಯ ಮೇಲೆ, ನೀವು ಎದ್ದು ಮನೆಗೆ.

ಕೊನೆಗೆ ತಗುಲಿದ್ದು ಇಷ್ಟು. ನೂಲಿನ ಉಂಡೆ ನಲವತ್ತೆರಡು. ಸೂಜಿ ಏಳು, ಅದರಲ್ಲಿ ಮೂರು ಆಚೆ ಬಿದ್ದಿವೆ, ಅವರು ಬಳಸುತ್ತಿದ್ದಾರೆ. ಹೋಳಿಗೆ ಇಪ್ಪತ್ತೆರಡು. ರಾಜರು ಇಬ್ಬರು. ಅವರಿಲ್ಲ ಎಂಬುದು ಎರಡೂ ಊರಿಗೆ ಗೊತ್ತಾಗಲು ಒಂಬತ್ತು ತಿಂಗಳು ಹಿಡಿಯಿತು.