ಸೊಸೆ ತಿಕ್ಕಿದ ವೀರಗಲ್ಲು

"ಗುರುಗಳೇ, ಚರಿತ್ರೆ ಹೇಳುತ್ತಾ ತಿರುಗುವ ಆ ಮನುಷ್ಯನಿಗೆ ಜನ ತಲೆದೂಗುತ್ತಾರೆ, ಪಂಡಿತರು ಛೀಮಾರಿ ಹಾಕುತ್ತಾರೆ. ನಾನು ಯಾರ ಕಡೆ ಸೇರಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಚರಿತ್ರೆಕಾರನಿದ್ದ. ಅವನು ಬಾಯಿ ತೆರೆದರೆ ಸಂತೆಯೇ ವ್ಯಾಪಾರ ಮರೆತು ನಿಲ್ಲುತ್ತಿತ್ತು. ಪಂಡಿತರು ಮಾತ್ರ, "ಇವನದು ಬರೀ ಬಾಯಿ, ಆಧಾರ ಸೊನ್ನೆ" ಎಂದು ಬರೆಯುತ್ತಿದ್ದರು. "ಅವರ ಬಳಿ ಆಧಾರವಿದೆ, ಕೇಳುವವರಿಲ್ಲ" ಎಂದು ಅವನು ನಗುತ್ತಿದ್ದ.

ಒಂದು ಊರಿನ ಕೆರೆಯ ಏರಿಯ ಮೇಲೆ ವೀರಗಲ್ಲೊಂದಿತ್ತು. ತಲೆತಲಾಂತರದಿಂದ ಎಣ್ಣೆ ಎರೆದೂ ಎರೆದೂ ಅದರ ಅಕ್ಷರಗಳು ಮುಚ್ಚಿಹೋಗಿದ್ದವು. ಊರಿನ ಯಜಮಾನ ಚರಿತ್ರೆಕಾರನಿಗೆ ಹೋಳಿಗೆಯೂಟ ಹಾಕಿಸಿ, "ಈ ವೀರ ನಮ್ಮ ವಂಶದವನು" ಎಂದ. ಚರಿತ್ರೆಕಾರ ಕೈ ತೊಳೆದು ಎದ್ದವನೇ, ಶತ್ರುಸೇನೆಯನ್ನೂ ಕುದುರೆಗಳನ್ನೂ ಸೇರಿಸಿ ಅದನ್ನೇ ಜನರಿಗೆ ಹೇಳಿದ. ಅಂದಿನಿಂದ ಕಲ್ಲಿನ ಪೂಜೆಯ ದಿನ ಮೊದಲ ತಾಂಬೂಲ ಯಜಮಾನನ ಮನೆಗೆ ಸಲ್ಲತೊಡಗಿತು. ಹನ್ನೆರಡು ವರ್ಷ ಪ್ರತಿ ಪೂಜೆಗೂ ಚರಿತ್ರೆಕಾರ ಬಂದು ಕತೆ ಹೇಳಿದ, ಹೋಳಿಗೆಯೂ ತಪ್ಪಲಿಲ್ಲ.

ಹದಿಮೂರನೆಯ ವರ್ಷ ಯಜಮಾನನ ಮನೆಗೆ ಹೊಸ ಸೊಸೆ ಬಂದಳು. ಓದು ಬಾರದವಳು, ಕೆಲಸದಲ್ಲಿ ಗಟ್ಟಿಗಿತ್ತಿ. ಪೂಜೆಗೆ ಕಲ್ಲು ತೊಳೆದು ಬಾ ಎಂದರೆ, ತವರಿನಲ್ಲಿ ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಯೇ ತಿಕ್ಕಿದಳು. ಜಿಡ್ಡು ಕಳಚಿತು. ಅದರಡಿಯಿಂದ ನಾಲ್ಕು ಸಾಲು ಅಕ್ಷರ ಎದ್ದು ಕಂಡವು.

ಊರು ನೆರೆಯಿತು.

"ಏನು ಬರೆದಿದೆ ಸ್ವಾಮಿ?" ಎಂದು ಸೊಸೆ, ಪೂಜೆಗೆಂದು ಬಂದಿದ್ದ ಚರಿತ್ರೆಕಾರನನ್ನು ಕೇಳಿದಳು.

"ಇನ್ನೇನು ಬರೆದಿರುತ್ತದೆ? ನಮ್ಮಜ್ಜನ ಹೆಸರು!" ಎಂದ ಯಜಮಾನ.

ಚರಿತ್ರೆಕಾರ ಅಕ್ಷರಗಳು ಬಿಡಿಸಿ ಕಾಣಲೆಂದು ಹಿಟ್ಟು ಸವರಿ ಮನಸ್ಸಿನಲ್ಲೇ ಓದಿಕೊಂಡ. ದನಗಳ್ಳರೊಡನೆ ಹೋರಾಡಿ, ಊರಿನ ದನ ಬಿಡಿಸಿ ಮಡಿದ ಒಬ್ಬ ಕುಂಬಾರನ ಕಲ್ಲು ಅದು. ಆ ಹಳೆಯ ಲಿಪಿ ಬಲ್ಲವನು ಅಲ್ಲಿ ಅವನೊಬ್ಬನೇ. ಬಾಯಿ ಬಿಡದಿದ್ದರೆ ತನ್ನ ಹೆಸರು ಉಳಿಯುತ್ತದೆ. ಬಿಟ್ಟರೆ ಅಷ್ಟು ವರ್ಷದ ಗಳಿಕೆ ನೀರಿನಲ್ಲಿ ಮಾಡಿದ ಹೋಮ. ಅವನು ತಲೆಯೆತ್ತಿದ. ಸೊಸೆ ಬೂದಿಗೈಯಲ್ಲೇ ಕಾಯುತ್ತಾ ನಿಂತಿದ್ದಳು.

"ಈ ಕಲ್ಲು ಕುಂಬಾರರದು. ನಾನು ಹೇಳಿದ್ದು ತಪ್ಪು" ಎಂದ.

"ಹಾಗಾದರೆ ಹನ್ನೆರಡು ವರ್ಷ ತಿಂದ ನಮ್ಮ ಮನೆಯ ಹೋಳಿಗೆ?" ಎಂದು ಯಜಮಾನ ಗುಡುಗಿದ.

"ಅದೊಂದಕ್ಕೆ ಮಾತ್ರ ಆಧಾರವಿದೆ, ಯಜಮಾನರೇ" ಎಂದು ಚರಿತ್ರೆಕಾರ ಹೊಟ್ಟೆ ಸವರಿಕೊಂಡ.

ಊರೆಲ್ಲ ನಕ್ಕಿತು. ತಡೆಯಲಾರದೆ ಯಜಮಾನನೂ ನಕ್ಕ. ಆ ವರ್ಷ ಮೊದಲ ತಾಂಬೂಲ ಕುಂಬಾರಗೇರಿಗೆ ಹೋಯಿತು. ಚರಿತ್ರೆಕಾರನ ಸಭೆ ಅರ್ಧಕ್ಕರ್ಧ ಕರಗಿತು. ಉಳಿದ ಅರ್ಧಕ್ಕೆ ಅವನು ಮೊದಲಿಗಿಂತ ಹುರುಪಿನಿಂದ ಕತೆ ಹೇಳಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತೃಪ್ತಿಯಾಗಲಿಲ್ಲ.

"ಅವನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂದೇ ಏಕೆ ನಿಜ ಹೇಳಿದ, ಗುರುಗಳೇ?"

"ಅಷ್ಟು ವರ್ಷ ಜನ ಅವನನ್ನು ಹೊಗಳಿದರು, ಪಂಡಿತರು ತೆಗಳಿದರು, ಕಲ್ಲಿನಲ್ಲಿ ಏನಿದೆ ಎಂದು ವಿಚಾರಿಸಿದವಳು ಅವಳೊಬ್ಬಳೇ, ಮಗು."